ಬಾರದ ಪದವಿಗೆ ಭರ್ಜರಿ ಊಟ

ಆರ್ಲೆನ್ ಸ್ಕೂಗ್ ಸುಳ್ಳು ಹೇಳುವ ಮನುಷ್ಯನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಜೂನ್ ತಿಂಗಳ ಮೊದಲ ವಾರದಲ್ಲಿ ಹಾಲ್ವರ್ ಊರಿನ ಅರ್ಧ ಜನ ಅವನನ್ನು ಸುಳ್ಳುಗಾರನೆಂದೂ ಇನ್ನರ್ಧ ಜನ ನತದೃಷ್ಟನೆಂದೂ ತೀರ್ಮಾನಿಸಿದ್ದರು. ಅವನು ಎರಡೂ ಅಲ್ಲ. ಅರ್ಧ ಕೇಳಿಸಿಕೊಂಡು ಪೂರ್ತಿ ತಲೆಯಾಡಿಸುವವನು, ಅಷ್ಟೇ. ಇಪ್ಪತ್ತೇಳು ವರ್ಷ ಕೌಂಟಿಯ, ಅಂದರೆ ಜಿಲ್ಲಾಡಳಿತದ, ಗ್ರೇಡರ್ ಯಂತ್ರದ ಮೇಲೆ ಕೂತು, ಬೇಸಿಗೆಯಲ್ಲಿ ಜಲ್ಲಿ ರಸ್ತೆ ಸಮ ಮಾಡುತ್ತ, ಚಳಿಗಾಲದಲ್ಲಿ ಹಿಮ ತಳ್ಳುತ್ತ ಬಂದವನಿಗೆ ಯಾರ ಮಾತೂ ಪೂರ್ತಿ ಕೇಳಿಸಿದ್ದಿಲ್ಲ. ತಲೆಯಾಡಿಸುವುದೇ ಅವನ ಉಭಯಕುಶಲೋಪರಿ.

ಮೂರು ವರ್ಷದ ಹಿಂದೆ ಮಗಳು ಬ್ರಿಟಾ ಅವನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿಕೊಂಡು ಎಲ್ಲವನ್ನೂ ವಿವರವಾಗಿಯೇ ಹೇಳಿದ್ದಳು. ಲಿಂಡಾಲ್ ಚಿಕ್ಕ ಕಾಲೇಜು. ಅಲ್ಲಿ ಸಾಹಿತ್ಯ, ಇತಿಹಾಸ, ಸಂಗೀತ, ವಿಜ್ಞಾನ ಎಲ್ಲ ಉಂಟು, ಎಂಜಿನಿಯರಿಂಗ್ ಮಾತ್ರ ಇಲ್ಲ. ಅಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಬೇಕು, ಆಮೇಲೆ ಪಕ್ಕದ ರಾಜ್ಯದ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿ ಎರಡು ವರ್ಷ ಎಂಜಿನಿಯರಿಂಗ್ ಓದಬೇಕು. ಐದು ವರ್ಷ ಪೂರ್ತಿಯಾದ ಮೇಲೆ ಎರಡೂ ಕಡೆಯಿಂದ ಒಂದೊಂದು ಪದವಿ ಒಟ್ಟಿಗೇ ಕೈಗೆ ಬರುತ್ತದೆ. 'ಎರಡು ಪದವಿ' ಎಂಬಲ್ಲಿಗೆ ಆರ್ಲೆನ್‌ನ ಕಣ್ಣು ತುಂಬಿ ಬಂತು. ಮೂಗು ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ಉಳಿದದ್ದು ಅವನ ತಲೆಗೆ ಹೋಗಲೇ ಇಲ್ಲ. ಮೂರು ವರ್ಷಕ್ಕೆ ಒಂದು ಪದವಿ, ಆಮೇಲಿನ ಎರಡು ವರ್ಷಕ್ಕೆ ಇನ್ನೊಂದು ಎಂದು ತಾನೇ ಲೆಕ್ಕ ಹಾಕಿಕೊಂಡು, ತಲೆಯಾಡಿಸಿ, ಹಿಮ ತಳ್ಳಲು ಹೊರಟುಹೋದ.

ಅಂದಿನಿಂದ ಊರಿನ ಹೋಟೆಲಿನಲ್ಲಿ ಬೆಳಗಿನ ಆರು ಗಂಟೆಯ ಕಾಫಿಗೆ ಕೂಡುವ ಗಂಡಸರಿಗೆ ಬೇರೆ ವಿಷಯವೇ ಬೇಕಾಗಲಿಲ್ಲ. ನಿವೃತ್ತ ಪೋಸ್ಟ್‌ಮ್ಯಾನ್ ವರ್ನ್‌ಗೆ ಆರ್ಲೆನ್‌ನನ್ನು ಕೆಣಕುವುದೆಂದರೆ ಕಾಫಿಗೆ ಸಕ್ಕರೆ ಇದ್ದ ಹಾಗೆ.

"ಏನೋ ಆರ್ಲೆನ್, ನಿನ್ನ ಎಂಜಿನಿಯರು ಈ ಸಲ ಏನು ಓದ್ತಿದ್ದಾಳೆ?"

"ಮಡಕೆ ಮಾಡೋದು."

"ಮಡಕೆ?"

"ಮಣ್ಣಿನ ಗುಣ ಗೊತ್ತಿಲ್ದೆ ಸೇತುವೆ ಎಲ್ಲಿ ನಿಲ್ಲಿಸ್ತೀಯೋ ಮಾರಾಯ?"

"ಹೋದ ಸಲ ಗ್ರೀಕ್ ನಾಟಕ ಅಂದಿದ್ದೆ?"

"ಗ್ರೀಕರು ನಿಲ್ಲಿಸಿದ ಕಂಬ ಇನ್ನೂ ನಿಂತಿವೆ ಕಣೋ. ಹೋಗಿ ನೋಡ್ಕೊಂಡು ಬಾ."

"ಮತ್ತೆ ಆ ಹಾಡಿನ ಕ್ಲಾಸು?"

ಆರ್ಲೆನ್ ಇಲ್ಲಿ ಸಿಕ್ಕಿಬಿದ್ದ. ಒಂದು ಗುಟುಕು ಕಾಫಿ ಕುಡಿದು, "ಎಂಜಿನಿಯರು ಹಾಡಬಾರದು ಅಂತ ಯಾವ ಕಾನೂನಲ್ಲಿದೆ?" ಎಂದ. ಯಾವ ಕಾನೂನಿನಲ್ಲೂ ಇರಲಿಲ್ಲವಾದ್ದರಿಂದ ವರ್ನ್ ಇನ್ನೊಂದು ಲೋಟ ಕಾಫಿ ತರಿಸಿಕೊಂಡ.

ನಮ್ಮ ಕಡೆ ಮಕ್ಕಳಿಗೆ ಪದವಿ ಬಂದರೆ ಮೊದಲು ಗ್ಯಾರೇಜ್ ತೊಳೆಯುತ್ತಾರೆ. ಕಾರು ಹೊರಗೆ, ಚರ್ಚಿನಿಂದ ತಂದ ಮಡಚುವ ಮೇಜುಗಳು ಒಳಗೆ. ಕೂಸಿನಿಂದ ಹಿಡಿದು ಇವತ್ತಿನವರೆಗಿನ ಫೋಟೋಗಳನ್ನೆಲ್ಲ ಅಂಟಿಸಿದ ಹಲಗೆಯೊಂದು, ಹಂದಿಮಾಂಸ ಇಟ್ಟ ಬನ್ನು, ಹಾಸಿಗೆಯಗಲದ ಕೇಕು. ಎರಡರಿಂದ ಐದು ಗಂಟೆಯೊಳಗೆ ಇಡೀ ಊರು ಬಂದು, ಪೆಟ್ಟಿಗೆಯಲ್ಲಿ ಶುಭಾಶಯದ ಕಾರ್ಡು ಹಾಕಿ, "ಪರವಾಗಿಲ್ಲ, ಚೆನ್ನಾಗಿದೆ" ಎಂದು ಹೇಳಿ ಹೋಗುತ್ತದೆ. ಇಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇನ್ನೊಂದಿಲ್ಲ. ಮೂರನೆಯ ವರ್ಷದ ಪರೀಕ್ಷೆ ಮುಗಿಯುತ್ತಿದ್ದಂತೆ ಆರ್ಲೆನ್ ಜೂನ್ ಮೊದಲ ಶನಿವಾರಕ್ಕೆಂದು ಎಂಬತ್ತಮೂರು ಆಹ್ವಾನಪತ್ರ ಕಳಿಸಿಯೇಬಿಟ್ಟ.

"ಬ್ರಿಟಾನ ಒಂದ್ಮಾತು ಕೇಳಿದ್ಯಾ?" ಎಂದಳು ಹೆಂಡತಿ ಮಾರ್ಲಿಸ್. ಅವಳು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕುವವಳು, ಯಾವುದಕ್ಕೂ ಸುಲಭವಾಗಿ ಗಾಬರಿಯಾಗುವುದಿಲ್ಲ.

"ಅವಳಿಗೆ ಗೊತ್ತಾಗ್ಬಾರದು. ಬಂದು ನೋಡಿ ಬೆರಗಾಗ್ಲಿ."

"ಪದವಿ ಸಮಾರಂಭಕ್ಕೆ ಬನ್ನಿ ಅಂತ ಕಾಲೇಜಿನೋರು ನಮ್ಮನ್ನ ಕರೀಲೇ ಇಲ್ವಲ್ಲ ಆರ್ಲೆನ್?"

"ಎರಡು ಪದವಿಯೋರಿಗೆ ಸಮಾರಂಭ ಬೇರೆ ಇರುತ್ತೆ ಕಣೇ," ಎಂದ ಆರ್ಲೆನ್. ಎಷ್ಟು ಗಟ್ಟಿಯಾಗಿ ಎಂದರೆ, ಅಂದ ಕ್ಷಣದಿಂದ ಅದು ಅವನಿಗೇ ನಿಜವೆನಿಸಿತು. ಮಾರ್ಲಿಸ್ ಹುಬ್ಬೇರಿಸಿ ಬನ್ನು ಎಣಿಸಲು ಹೋದಳು.

ಆಹ್ವಾನ ಹೋದವರಲ್ಲಿ ಕೌಂಟಿ ಎಂಜಿನಿಯರ್ ಲೋವೆಲ್ ಕೂಡ ಒಬ್ಬರು. ಯಾವ ರಸ್ತೆಗೆ ಎಷ್ಟು ಜಲ್ಲಿ, ಯಾವ ಮೋರಿಗೆ ಯಾವ ಕೊಳವೆ ಎಂದು ಹನ್ನೊಂದು ವರ್ಷದಿಂದ ಚೀಟಿ ಬರೆಯುವವರು ಅವರು, ಚೀಟಿ ನೋಡಿಕೊಂಡು ಕೆಲಸ ಮಾಡುವವನು ಆರ್ಲೆನ್. ತನ್ನ ಮನೆಯಲ್ಲೂ ಚೀಟಿ ಬರೆಯುವವರೊಬ್ಬರು ಆಗುತ್ತಾರೆಂಬುದನ್ನು ಲೋವೆಲ್ ಕಣ್ಣಾರೆ ನೋಡಬೇಕೆಂಬುದು ಅವನ ಆಸೆ.

ಗುರುವಾರ ಮಧ್ಯಾಹ್ನ ಬ್ರಿಟಾ ಬಂದಳು. ಅವಳ ಪುಟ್ಟ ಕಾರಿನ ಕಿಟಕಿಗಳವರೆಗೂ ಸಾಮಾನು ತುಂಬಿತ್ತು: ದಿಂಬು, ದೀಪ, ಪುಸ್ತಕ, ತಾನೇ ಮಾಡಿದ ಆರು ಸೊಟ್ಟ ಮಡಕೆ. ವರ್ನ್ ಆಗ ಗ್ಯಾರೇಜಿನಲ್ಲಿ ಮೇಜಿನ ಕಾಲು ಬಿಡಿಸುತ್ತಿದ್ದ. ಬಾಗಿಲ ಮೇಲೆ 'ಪದವೀಧರೆ ಬ್ರಿಟಾಗೆ ಅಭಿನಂದನೆ' ಎಂದು ಬರೆದ ಹತ್ತಡಿ ಬಟ್ಟೆ ನೇತಾಡುತ್ತಿತ್ತು. ಅದನ್ನು ನೋಡಿ ಹುಡುಗಿ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು.

"ಅಪ್ಪ, ಏನಿದು?"

"ಏನು ಅಂದ್ರೆ? ನಿನ್ನ ಪದವಿ! ಎಲ್ಲಿ, ಕಾಗದ ತೋರ್ಸು."

"ಯಾವ ಕಾಗದ? ನನಗೆ ಪದವಿ ಗಿದವಿ ಏನೂ ಬಂದಿಲ್ಲ ಅಪ್ಪ. ಕಾಲೇಜು ಬಿಟ್ಟು ಬಂದೆ. ಸಾಮಾನೆಲ್ಲ ತಂದಿದೀನಿ, ನೋಡು."

ವರ್ನ್ ಮೇಜನ್ನು ಮೂರು ಕಾಲಿನ ಮೇಲೆ ಬಿಟ್ಟು, "ನಾನು ಹೊರಟೆ," ಎಂದ. ಕೊಟ್ಟ ಕಾಫಿಯನ್ನು ಅವನು ಅರ್ಧಕ್ಕೇ ಬಿಟ್ಟದ್ದನ್ನು ಹಾಲ್ವರ್ ಊರು ಹಿಂದೆಂದೂ ಕಂಡಿರಲಿಲ್ಲ. ಸುದ್ದಿಯನ್ನು ತನ್ನ ಹೆಂಡತಿಗೆ ಮುಟ್ಟಿಸಬೇಕಿತ್ತಲ್ಲ, ಪಾಪ.

ಬ್ರಿಟಾ ಮತ್ತೆ ಮೊದಲಿನಿಂದ ವಿವರಿಸಿದಳು. ಈ ಸಲ ಆರ್ಲೆನ್ ಪೂರ್ತಿ ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು.

"ಅಂದ್ರೆ... ಒಂದೂ ಇಲ್ಲ?"

"ಇನ್ನೆರಡು ವರ್ಷ ಆದ್ಮೇಲೆ ಎರಡೂ."

"ಈಗ ಒಂದು ಕೊಟ್ಟು, ಆಮೇಲೆ ಇನ್ನೊಂದು ಕೊಡೋಕಾಗಲ್ವಂತಾ? ಅವರಿಗೇನು ಕಷ್ಟ?"

"ಎಷ್ಟು ಜನಕ್ಕೆ ಹೇಳಿದೀಯ?" ಎಂದಳು ಬ್ರಿಟಾ.

"ಹೆಚ್ಚೇನಿಲ್ಲ," ಎಂದ ಆರ್ಲೆನ್. ಒಳಗಿನಿಂದ ಮಾರ್ಲಿಸ್, "ಎಂಬತ್ಮೂರು ಮನೆ!" ಎಂದು ಕೂಗಿದಳು.

ಶುಕ್ರವಾರ ಬೆಳಿಗ್ಗೆ ಆರ್ಲೆನ್ ಕಾಫಿಗೆ ಹೋದಾಗ ಯಾರೂ ಅವನನ್ನು ಕೆಣಕಲಿಲ್ಲ. ವರ್ನ್ ತಾನಾಗಿಯೇ ಜಾಗ ಬಿಟ್ಟುಕೊಟ್ಟ. ಅದನ್ನು ನೋಡಿಯೇ ಆರ್ಲೆನ್, ಏನೋ ಎಡವಟ್ಟಾಗಿದೆ, ಈಗಲೇ ಸರಿಮಾಡಬೇಕೆಂದು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಎರಡನ್ನೂ ಮುಂದಕ್ಕೆಳೆದುಕೊಂಡ.

"ನೋಡ್ರಪ್ಪ. ಇದು ಕಾಲೇಜು, ಉಪ್ಪು. ಇದು ವಿಶ್ವವಿದ್ಯಾಲಯ, ಮೆಣಸು. ಉಪ್ಪಿನ ಕೆಲಸ ಮುಗೀತು. ಮೆಣಸಿನ ಕೆಲಸ ಶುರುವಾಗ್ಬೇಕು."

"ಬ್ರಿಟಾ ಎಲ್ಲಿದ್ದಾಳೆ?" ಎಂದ ವರ್ನ್, ಬಹಳ ಮೆತ್ತಗೆ.

"ಎರಡರ ಮಧ್ಯೆ."

"ಉಪ್ಪು ಪದವಿ ಕೊಟ್ಟಿದೆಯಾ?"

"ಇಲ್ಲ."

"ಮೆಣಸು?"

"ಅಲ್ಲಿಗಿನ್ನೂ ಹೋಗೇ ಇಲ್ವಲ್ಲೋ!"

"ಅಂದ್ರೆ ಹುಡುಗಿ ಈಗ ಬರೀ ಮೇಜಿನ ಮೇಲಿದ್ದಾಳೆ," ಎಂದು ವರ್ನ್ ನಿಟ್ಟುಸಿರುಬಿಟ್ಟು ಅವನ ಭುಜ ತಟ್ಟಿದ. "ನೀನು ತಲೆ ಕೆಡಿಸ್ಕೋಬೇಡ ಕಣೋ. ನಮ್ಮ ಭಾವಮೈದುನನನ್ನೂ ಕಾಲೇಜಿಂದ ಹೊರಗೆ ಹಾಕಿದ್ರು. ಈಗ ನೋಡು, ದೋಣಿ ಮಾರ್ತಿದ್ದಾನೆ, ಸುಖವಾಗಿದ್ದಾನೆ."

ಮಧ್ಯಾಹ್ನದ ಹೊತ್ತಿಗೆ ಹಾಟ್‌ಡಿಶ್‌ಗಳು ಬರತೊಡಗಿದವು. ಕೊಚ್ಚಿದ ಮಾಂಸ, ಅಣಬೆ ಸೂಪು, ಮೇಲೆ ಆಲೂಗಡ್ಡೆಯ ಉಂಡೆ ಹರಡಿ ಗಾಜಿನ ತಟ್ಟೆಯಲ್ಲಿ ಬೇಯಿಸಿದ ಈ ಪದಾರ್ಥವನ್ನು ನಮ್ಮವರು ಸಾವಿಗೂ ಕಾಯಿಲೆಗೂ ಬೆಂಕಿ ಬಿದ್ದ ಮನೆಗೂ ಒಯ್ಯುತ್ತಾರೆ. ಬಾಯಲ್ಲಿ ಸಾಂತ್ವನ ಹೇಳಲು ನಾಚುವ ಜನಕ್ಕೆ ಅದೇ ಬಾಯಿ. ಮೊದಲು ಬಂದವರು ಚರ್ಚಿನ ಅಡುಗೆಯ ಮುಂದಾಳು ಡೆಲೋರೆಸ್. ನಾಳೆಯ ಕೇಕಿನ ಮೇಲೆ ಅಕ್ಷರ ಬರೆಯಬೇಕಾದವರೂ ಅವರೇ.

"ಆರ್ಲೆನ್, ಕೇಕಿನ ಮೇಲೆ ಏನು ಬರೀಲಪ್ಪ?" ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿದರು. "'ಪದವೀಧರೆ' ಅಂತ ಬರೆಯೋಕೆ ನನಗೆ ಕೈ ಬರ್ತಾ ಇಲ್ಲ."

"ಮೂರು ವರ್ಷ ಮುಗೀತು ಅಂತ ಬರೀರಿ."

"ಅಯ್ಯೋ, ಜೈಲಿಂದ ಬಂದೋರಿಗೆ ಬರೆದ ಹಾಗಿರುತ್ತೆ."

"ಹಾಗಾದ್ರೆ ಬರೀ ಹೂವು ಬಿಡಿಸಿ!"

ಡೆಲೋರೆಸ್ ಕಣ್ಣೊರೆಸಿಕೊಂಡು ಹೋದರು. ಅವರ ಹಿಂದೆಯೇ ಚರ್ಚಿನ ಪಾಸ್ಟರ್ ಬಂದರು. ಅವರ ಕೈಯಲ್ಲೂ ಒಂದು ಗಾಜಿನ ತಟ್ಟೆ.

"ಓದೇ ಎಲ್ಲ ಅಲ್ಲ, ಆರ್ಲೆನ್."

"ಅವಳು ಓದು ಬಿಟ್ಟಿಲ್ಲ ಪಾಸ್ಟರ್. ಮೊದಲೇ ಗೊತ್ತುಮಾಡಿದ ಹಾಗೆ ಕಾಲೇಜು ಬಿಟ್ಟಿದ್ದಾಳೆ."

"ಗೊತ್ತುಮಾಡಿದ ಹಾಗೆ. ಹೌದು ಹೌದು," ಎಂದು ಪಾಸ್ಟರ್ ತಟ್ಟೆಯನ್ನು ಪಕ್ಕಕ್ಕಿಟ್ಟು ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆರ್ಲೆನ್ ತಟ್ಟೆ ಎತ್ತಿಕೊಂಡು ಒಳಗೊಯ್ದ.

ಸಂಜೆಗೆ ಏಳು ಹಾಟ್‌ಡಿಶ್ ಜಮೆಯಾಗಿದ್ದವು. ಫ್ರಿಜ್ ಬಾಗಿಲು ಮುಚ್ಚಲು ಸೊಂಟ ಕೊಟ್ಟು ನೂಕುತ್ತ ಮಾರ್ಲಿಸ್, "ನಮ್ಮಮ್ಮ ಸತ್ತಾಗ ನಾಲ್ಕೇ ಬಂದಿದ್ದು," ಎಂದಳು.

ಬ್ರಿಟಾ ಅಡುಗೆಮನೆಯಲ್ಲಿ ಕೂತು ಮೂರನೆಯ ಹಾಟ್‌ಡಿಶ್‌ಗೆ ಚಮಚ ಹಾಕುತ್ತ ನಗುತ್ತಿದ್ದಳು. ಆರ್ಲೆನ್‌ಗೂ ನಗು ಬಂತು. ಅವನು ನಗತೊಡಗುವ ಹೊತ್ತಿಗೆ ಅವಳು ಅಳುತ್ತಿದ್ದಳು.

"ಛೆ ಛೆ, ಯಾಕಮ್ಮ? ನಾನೇ ಮಾಡಿದ ಎಡವಟ್ಟು. ಒಂದು ಬೋರ್ಡು ಬರೆದು ಹಾಕ್ತೀನಿ. ಇನ್ನೆರಡು ವರ್ಷಕ್ಕೆ ಎಂಜಿನಿಯರ್ ಆಗ್ತಾಳೆ ಅಂತ."

"ಅದನ್ನೇ ಬರೀಬೇಡ ಅಪ್ಪ." ಅವಳು ಚಮಚ ಕೆಳಗಿಟ್ಟಳು. "ನಾನು ಹೋಗ್ತೀನೋ ಇಲ್ವೋ ನನಗೇ ಗೊತ್ತಿಲ್ಲ."

ಆಮೇಲೆ ಎಲ್ಲ ಹೊರಬಂತು. ಈ ಮೂರು-ಎರಡರ ದಾರಿಗೆಂದು ಲಿಂಡಾಲ್‌ನಲ್ಲಿ ಸೇರಿದವರು ಒಂಬತ್ತು ಜನ. ಒಬ್ಬೊಬ್ಬರಾಗಿ ಎಂಟು ಜನ ಮನಸ್ಸು ಬದಲಾಯಿಸಿದರು. ಅವರೆಲ್ಲ ನಾಲ್ಕನೆಯ ವರ್ಷವನ್ನೂ ಅಲ್ಲೇ ಓದಿ, ಬರುವ ಮೇ ತಿಂಗಳಲ್ಲಿ ಗೆಳೆಯರ ಜೊತೆ ನಿಲುವಂಗಿ ತೊಟ್ಟು ಪದವಿ ತೆಗೆದುಕೊಳ್ಳುತ್ತಾರೆ. ಹೊರಟು ನಿಂತಿರುವವಳು ಇವಳೊಬ್ಬಳೇ. ಹೊಸ ಊರಿನಲ್ಲಿ ಯಾರೂ ಗೊತ್ತಿಲ್ಲ. ಅಲ್ಲಿಯವರು ಮೂರು ವರ್ಷ ಒಟ್ಟಿಗಿದ್ದು ಒಂದಾಗಿರುತ್ತಾರೆ. ಇಲ್ಲಿಯವರು ಇವಳಿಲ್ಲದೆ ಕೊನೆಯ ವರ್ಷ ಕಳೆಯುತ್ತಾರೆ. ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಆ ವಿಶ್ವವಿದ್ಯಾಲಯಕ್ಕೆ ಸೋಮವಾರದೊಳಗೆ ಬರೆದು ಕಳಿಸಬೇಕು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀನು ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದೀಯಲ್ಲಪ್ಪ. ಎಂಜಿನಿಯರ್, ಎಂಜಿನಿಯರ್ ಅಂತ. ನಾನು ಬರೀ ಬ್ರಿಟಾ ಆಗಿ ವಾಪಸ್ ಬಂದ್ರೆ ನಿನ್ನ ಮುಖ ಹೇಗೆ ನೋಡ್ಲಿ?"

"ಹುಲ್ಲು ಕತ್ತರಿಸೋ ಯಂತ್ರದ ಬೋಲ್ಟು ಸಡಿಲ ಆಗಿದೆ," ಎಂದು ಆರ್ಲೆನ್ ಎದ್ದು ಹೊರಗೆ ಹೋದ. ಒಂದು ಗಂಟೆ ಅದನ್ನು ಬಿಗಿ ಮಾಡಿದ. ಬೋಲ್ಟು ಮೊದಲೇ ಬಿಗಿಯಾಗಿತ್ತು ಎಂಬುದು ಕಿಟಕಿಯಿಂದ ನೋಡುತ್ತಿದ್ದ ಮಾರ್ಲಿಸ್‌ಗೆ ಗೊತ್ತಿತ್ತು.

ಶನಿವಾರ ಎರಡು ಗಂಟೆಗೆ ಜನ ಬಂದರು. ಅರ್ಧ ಜನ ಕಾರ್ಡು ಹಿಡಿದುಕೊಂಡು ನಗುತ್ತ ಬಂದರೆ, ಇನ್ನರ್ಧ ಜನ ಗಾಜಿನ ತಟ್ಟೆ ಹಿಡಿದು ದನಿ ತಗ್ಗಿಸಿ ಬಂದರು. ಬಾಗಿಲಲ್ಲಿ ಎರಡೂ ಬಗೆಯವರು ಎದುರಾದಾಗ ಯಾರು ಯಾವ ಮುಖ ಮಾಡಬೇಕೋ ತಿಳಿಯದೆ ಹವಾಮಾನದ ಬಗ್ಗೆ ಮಾತಾಡಿಕೊಂಡರು. ಕೇಕಿನ ಮೇಲೆ ಡೆಲೋರೆಸ್ ಹೂವು ಬಿಡಿಸಿದ್ದರು. ಬಿಳಿ ಲಿಲ್ಲಿ, ಥೇಟ್ ಶವಪೆಟ್ಟಿಗೆಯ ಮೇಲೆ ಇಡುವಂಥದು. ಎಂಜಿನಿಯರ್ ಲೋವೆಲ್ ಟೈ ಕಟ್ಟಿಕೊಂಡು ಬಂದು ಫೋಟೋ ಹಲಗೆಯ ಮುಂದೆ ಕೈಕಟ್ಟಿ ನಿಂತಿದ್ದರು. ಬ್ರಿಟಾ ಮೂಲೆಯಲ್ಲಿ ನಿಂತು ಒಬ್ಬರಿಂದ "ಭೇಷ್" ಎಂದೂ ಇನ್ನೊಬ್ಬರಿಂದ "ಧೈರ್ಯ ತಗೋಮ್ಮ" ಎಂದೂ ಹೇಳಿಸಿಕೊಳ್ಳುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಆರ್ಲೆನ್‌ಗೆ ಅದನ್ನು ನೋಡಲಾಗಲಿಲ್ಲ. ಸೋಡಾ ತುಂಬಿದ ಐಸ್ ಪೆಟ್ಟಿಗೆಯ ಮೇಲೆ ಹತ್ತಿ ನಿಂತ. ಅವನು ಹತ್ತು ಜನರ ಮುಂದೆ ಮಾತಾಡಿದ್ದು ತನ್ನ ಮದುವೆಯಲ್ಲಿ ಮಾತ್ರ, ಅದೂ 'ಹೌದು' ಎಂಬ ಒಂದೇ ಶಬ್ದ.

"ಎಲ್ರೂ ಕೇಳಿ. ನನ್ನ ಮಗಳಿಗೆ ಪದವಿ ಬಂದಿಲ್ಲ. ಕಾಲೇಜಿನೋರು ಹೊರಗೂ ಹಾಕಿಲ್ಲ. ಮೂರು ವರ್ಷ ಚೆನ್ನಾಗಿ ಓದಿದ್ದಾಳೆ. ಇನ್ನೂ ಎರಡು ವರ್ಷ ಇದೆ ಅಂತ ಅವಳು ನನಗೆ ಹೇಳಿದ್ಲು, ನಾನು ಕೇಳಿಸ್ಕೊಂಡಿರ್ಲಿಲ್ಲ. ತಪ್ಪು ನನ್ನದು."

ಆರ್ಲೆನ್ ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

"ಇನ್ನೊಂದು. ಅವಳು ಆ ಎರಡು ವರ್ಷಕ್ಕೆ ಹೋಗ್ಲೂಬಹುದು, ಹೋಗದೇನೂ ಇರಬಹುದು. ಎಂಜಿನಿಯರ್ ಆಗ್ಲೇಬೇಕು ಅಂತಿಲ್ಲ. ಕಾಫಿಗೆ ಕೂತಾಗ ನಾನು ಅದನ್ನೇ ಹೇಳ್ತಿದ್ದೆ ಯಾಕಂದ್ರೆ... ವರ್ನ್ ಎದುರು ಕೂತ್ಕೊಂಡು 'ನನ್ನ ಮಗಳು ಅಂದ್ರೆ ನನಗೆ ಪ್ರಾಣ' ಅಂತ ಹೇಳೋಕಾಗುತ್ತೇನ್ರೀ? ಎಂಜಿನಿಯರ್ ಆಗ್ತಾಳೆ ಅಂತ ಹೇಳಬಹುದು. ಅದಕ್ಕೇ ಅದನ್ನ ಹೇಳಿದೆ. ಮೂರು ವರ್ಷ ದಿನಾ ಹೇಳಿದೆ."

ಎಂಬತ್ತಮೂರು ಮನೆಯ ಜನ ತಮ್ಮ ತಮ್ಮ ಬೂಟು ನೋಡಿಕೊಂಡರು. ಇಂಥ ಮಾತನ್ನು ನಮ್ಮ ಊರಿನಲ್ಲಿ ಬದುಕಿರುವವರ ಬಗ್ಗೆ ಯಾರೂ ಆಡಿದ್ದಿಲ್ಲ. ಡೆಲೋರೆಸ್ ಸದ್ದಾಗುವಂತೆ ಮೂಗು ಒರೆಸಿಕೊಂಡರು. ಕೊನೆಗೆ ವರ್ನ್ ಕೆಮ್ಮಿ, "ಹಾಗಾದ್ರೆ ಕೇಕು ಕುಯ್ಯಬಹುದಾ?" ಎಂದ. ಎಲ್ಲರಿಗೂ ಉಸಿರು ಬಂತು. ಬ್ರಿಟಾ ಮಾತ್ರ ಅಪ್ಪನನ್ನೇ ನೋಡುತ್ತ ನಿಂತಿದ್ದಳು.

ಲೋವೆಲ್‌ಗೆ ಇಂಥ ಸಂದರ್ಭದಲ್ಲಿ ಏನು ಮಾತಾಡಬೇಕೆಂದು ತಿಳಿಯುವುದಿಲ್ಲ. ಅವರಿಗೆ ತಿಳಿದಿರುವುದು ರಸ್ತೆ. ಆದ್ದರಿಂದ ಹುಡುಗಿಯ ಹತ್ತಿರ ಹೋಗಿ, ಒಂಬತ್ತನೇ ರಸ್ತೆಯ ಮೋರಿ ಪ್ರತಿ ಮಾರ್ಚಿನಲ್ಲೂ ಉಕ್ಕಿ ರಸ್ತೆ ಕೊಚ್ಚಿಹೋಗುತ್ತದೆಂದೂ ಈ ಸಲ ಇನ್ನೂ ದೊಡ್ಡ ಕೊಳವೆ ಹಾಕಿಸುತ್ತಿದ್ದೇನೆಂದೂ ಹೇಳಿದರು.

"ದೊಡ್ಡದು ಹಾಕಿದ್ರೆ ನಿಲ್ಲುತ್ತೆ ಅಂತ ಹೇಗೆ ಗೊತ್ತು?" ಎಂದಳು ಬ್ರಿಟಾ.

"ಹೇಗೆ ಅಂದ್ರೆ? ನೀರು ಜಾಸ್ತಿ, ಕೊಳವೆ ಸಣ್ಣದು."

"ನೀರು ಎಲ್ಲಿಂದ ಬರುತ್ತೆ?"

"ಹಳ್ಳದಿಂದ."

ಬ್ರಿಟಾ ಕಾಗದದ ತಟ್ಟೆಯೊಂದನ್ನು ತಿರುವಿ ಹಾಕಿ ಪೆನ್ನಿನಿಂದ ಗೀಚತೊಡಗಿದಳು. ಎರಡು ಗೆರೆ ಎಳೆದು ತಲೆಯೆತ್ತಿದಳು. "ಅಪ್ಪ! ಇಲ್ಲಿ ಬಾ. ಒಂಬತ್ತನೇ ರಸ್ತೆ ಮೋರೀಲಿ ನೀರು ಮೊದ್ಲು ಎಲ್ಲಿಂದ ಬರುತ್ತೆ?"

ಆರ್ಲೆನ್ ಬನ್ನು ಹಿಡಿದುಕೊಂಡೇ ಬಂದ. "ಹಳ್ಳದಿಂದಲ್ಲ. ಪಶ್ಚಿಮದ ಕಡೆ ಹೆಗ್ಲಂಡ್ ಅವರ ಹೊಲದಂಚಿನ ಮರದ ಸಾಲಿದೆಯಲ್ಲ, ಅಲ್ಲಿ ಹಿಮ ರಾಶಿ ಬಿದ್ದಿರುತ್ತೆ. ಅದು ಮೊದ್ಲು ಕರಗುತ್ತೆ. ಆಗ ಕೊಳವೆ ಒಳಗಿನ ನೀರು ಇನ್ನೂ ಗಟ್ಟಿ ಮಂಜುಗಡ್ಡೆ. ಬಂದ ನೀರಿಗೆ ದಾರಿ ಇಲ್ಲ. ರಸ್ತೆ ಮೇಲೇ ಹತ್ತುತ್ತೆ."

"ಹಾಗಾದ್ರೆ ದೊಡ್ಡ ಕೊಳವೇಲೂ ಮಂಜುಗಡ್ಡೆ ಕಟ್ಟುತ್ತಲ್ಲ!" ಬ್ರಿಟಾ ಇನ್ನೊಂದು ತಟ್ಟೆ ಎಳೆದುಕೊಂಡಳು. "ಅದು ಬೇಡ. ಇನ್ನೊಂದನ್ನ ಅದಕ್ಕಿಂತ ಮೇಲೆ ಹಾಕಿ. ಕೆಳಗಿನದು ಕಟ್ಟಿಕೊಂಡಾಗ ಮೇಲಿನದರಲ್ಲಿ ನೀರು ಹೋಗಲಿ."

ಲೋವೆಲ್ ತಟ್ಟೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆರ್ಲೆನ್ ಕಡೆ ತಿರುಗಿದರು.

"ಹನ್ನೊಂದು ವರ್ಷದಿಂದ ಇದನ್ನ ನನಗ್ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಸಾರ್."

ನಾಲ್ಕು ಗಂಟೆಯಾಯಿತು. ಕೇಕು ಖಾಲಿಯಾಯಿತು. ಕಾಗದದ ತಟ್ಟೆಗಳೆಲ್ಲ ಬ್ರಿಟಾಳ ಗೀಚಾಟಕ್ಕೆ ಮುಗಿದುಹೋಗಿ, ವರ್ನ್ ಅಂಗೈಯಲ್ಲಿ ಬನ್ನು ಇಟ್ಟುಕೊಂಡು ತಿನ್ನಬೇಕಾಯಿತು. ಅಪ್ಪ, ಮಗಳು, ಲೋವೆಲ್ ಮೂವರೂ ಇನ್ನೂ ಮೇಜಿನ ಮೇಲೆ ಬಾಗಿಯೇ ಇದ್ದರು. ಎಷ್ಟು ಮೇಲೆ ಹಾಕಬೇಕು ಎಂಬಲ್ಲಿಗೆ ಬಂದು ಬ್ರಿಟಾಳ ಪೆನ್ನು ನಿಂತಿತು.

"ಈ ಲೆಕ್ಕ ನನಗೆ ಬರಲ್ಲ," ಎಂದಳು. ತಟ್ಟೆಯನ್ನೇ ದಿಟ್ಟಿಸಿದಳು. "ಇನ್ನೂ ಬರಲ್ಲ."

"ಇದನ್ನ ಎಲ್ಲಿ ಕಲಿಸ್ತಾರೆ?" ಎಂದ ಆರ್ಲೆನ್.

"ನಾನು ಹೋಗ್ದೇ ಇರಬಹುದು ಅಂತ ಈಗಷ್ಟೇ ಊರಿಗೆಲ್ಲ ಹೇಳಿದ್ಯಲ್ಲ, ಅಲ್ಲಿ."

ಬದುಕಿನಲ್ಲಿ ಮೊದಲ ಸಲ ಆರ್ಲೆನ್ ತಲೆಯಾಡಿಸಲಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಅಪ್ಪ, ನನಗೆ ತುಂಬಾ ಭಯ ಆಗುತ್ತೆ."

"ನನಗೂ ಆಗುತ್ತೆ ಕಣಮ್ಮ."

"ಆಗಸ್ಟ್‌ನಲ್ಲಿ ಹೋಗೋವಾಗ ನೀನೂ ಬರ್ತೀಯಾ? ಬಿಟ್ಟು ತಕ್ಷಣ ಓಡಿ ಬರಬಾರದು. ಒಂದಷ್ಟು ದಿನ ಇರಬೇಕು."

ಮೇಜಿನ ಆ ಬದಿಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಳ್ಳುತ್ತಿದ್ದ ಲೋವೆಲ್ ಕಡೆ ಆರ್ಲೆನ್ ತಿರುಗಿದ.

"ಸಾರ್, ಆಗಸ್ಟ್‌ನಲ್ಲಿ ನನಗೆ ರಜ ಬೇಕು."

"ಎಷ್ಟು ದಿನ?" ಎಂದರು ಲೋವೆಲ್.

"ಅವಳನ್ನ ಕೇಳಿ," ಎಂದ ಆರ್ಲೆನ್.